ವಾರಾಂತ್ಯಕ್ಕೆ ಗೆಳೆಯರ ಜೊತೆ ದೊಡ್ಡ ಊರಿಗೆ: ಯಾವ ಹೊತ್ತಿನ ಊಟ ಎಲ್ಲಿ?

ಶನಿವಾರ ಬೆಳಿಗ್ಗೆ ಹೋಗಿ ಇಳಿಯುವುದು, ಭಾನುವಾರ ರಾತ್ರಿ ಹೊರಡುವುದು. ಜೊತೆಗೆ ಐದಾರು ಜನ ಗೆಳೆಯರು. ಟಿಕೆಟ್ ಆಗಿದೆ, ರೂಮು ಆಗಿದೆ, ನೋಡುವ ಜಾಗಗಳ ಪಟ್ಟಿಯೂ ಆಗಿದೆ. ಊಟದ ವಿಷಯ ಮಾತ್ರ "ಅಲ್ಲಿ ಹೋಗಿ ನೋಡ್ಕೊಂಡ್ರಾಯ್ತು" ಎಂದು ಉಳಿದುಬಿಡುತ್ತದೆ. ಆಮೇಲೆ ಮಧ್ಯಾಹ್ನ ಎರಡೂವರೆಗೆ ಫುಟ್‌ಪಾತ್ ಮೇಲೆ ನಿಂತು ಒಬ್ಬೊಬ್ಬರೂ ಒಂದೊಂದು ಹೆಸರು ಹೇಳುತ್ತಾರೆ. ಒಬ್ಬರಿಗೆ ಆ ಊರಿನ ಹೆಸರಾಂತ ಹೋಟೆಲೇ ಆಗಬೇಕು. ಇನ್ನೊಬ್ಬರಿಗೆ ಬೀದಿ ಬದಿ ತಿನ್ನುವ ಆಸೆ. ಮತ್ತೊಬ್ಬರಿಗೆ ಏಸಿ ಇದ್ದರೆ ಸಾಕು. ಒಬ್ಬರು ಮಾತ್ರ "ಎಲ್ಲಾದ್ರೂ ಸರಿ" ಅನ್ನುತ್ತಾರೆ. ಅವರ ಹತ್ತಿರ ದುಡ್ಡು ಕಡಿಮೆ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಈ ಚರ್ಚೆಯನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಬಹುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡು ದಿನದಲ್ಲಿ ತಿನ್ನುವ ಹೊತ್ತು ಐದೋ ಆರೋ ಬರುತ್ತದೆ. ಅದರಲ್ಲಿ ಒಂದೇ ಒಂದು ಊಟ ದೊಡ್ಡದಾಗಿದ್ದರೆ ಸಾಕು. ಅದಕ್ಕೆ ಮೊದಲೇ ಟೇಬಲ್ ಹಿಡಿದಿಡಿ, ದುಡ್ಡು ತೆಗೆದಿಡಿ, ಹಸಿವನ್ನೂ ಉಳಿಸಿಕೊಳ್ಳಿ. ಉಳಿದ ಹೊತ್ತುಗಳನ್ನು ಹತ್ತಿರ, ಬೇಗ, ಅಗ್ಗ ಎಂಬ ಮೂರು ಮಾತಿನ ಮೇಲೆ ಬಿಡಿ. ಎಲ್ಲ ಊಟವನ್ನೂ ಹಬ್ಬ ಮಾಡಲು ಹೊರಟರೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯೂ ಸೋತಿರುತ್ತದೆ, ಜೇಬೂ ಸೋತಿರುತ್ತದೆ.

ಹಾಗಾದರೆ ಯಾವುದು ದೊಡ್ಡ ಊಟ, ಅದು ಎಲ್ಲಿ? ಉಳಿದವು ಎಲ್ಲಿ? ಜಾಗಗಳನ್ನು ತೂಗುವ ಮೊದಲು ಅಳತೆ ಇಟ್ಟುಕೊಳ್ಳೋಣ.

ಮೊದಲು ನೋಡಬೇಕಾದ್ದು

ಎಷ್ಟು ಜನ ಅನ್ನುವುದು ಎಲ್ಲಕ್ಕಿಂತ ಮೊದಲು. ನಾಲ್ಕು ಜನಕ್ಕೆ ಟೇಬಲ್ ಸಿಗುವುದು ಸುಲಭ. ಆರು ಜನ ಎಂದ ಕೂಡಲೇ ಎರಡು ಟೇಬಲ್ ಜೋಡಿಸಬೇಕು. ಎಂಟಾದರೆ ಸಣ್ಣ ಹೋಟೆಲುಗಳು ಕೈ ಎತ್ತಿಬಿಡುತ್ತವೆ. ಇನ್ನೊಂದು ವಿಷಯವೂ ಇದೆ. ಬ್ರಿಟನ್ನಿನ ಸಂಶೋಧಕ ರಾಬಿನ್ ಡನ್ಬಾರ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಒಂದು ಮಾತುಕತೆ ಒಟ್ಟಾಗಿ ನಿಲ್ಲುವುದು ಹೆಚ್ಚೆಂದರೆ ನಾಲ್ಕು ಜನರ ನಡುವೆ. ಅದಕ್ಕಿಂತ ಜಾಸ್ತಿ ಆದರೆ ಮಾತು ತಾನಾಗಿಯೇ ಎರಡಾಗಿ ಒಡೆಯುತ್ತದೆ. ಉದ್ದನೆ ಟೇಬಲಿನ ಎರಡು ತುದಿಯಲ್ಲಿ ಎರಡು ಬೇರೆ ಬೇರೆ ಪಾರ್ಟಿ ನಡೆಯುವುದನ್ನು ನೀವೂ ನೋಡಿರುತ್ತೀರಿ. ಗುಂಪು ದೊಡ್ಡದಿದ್ದರೆ ಒಂದು ಟೇಬಲಿಗೆ ಹಟ ಹಿಡಿಯುವುದು ಬೇಡ. ಅಕ್ಕಪಕ್ಕದ ಎರಡು ಟೇಬಲ್ ಕೇಳಿದರೆ ಬೇಗ ಸಿಗುತ್ತದೆ, ಕೊನೆಗೆ ಸಿಹಿ ತಿನ್ನುವಾಗ ಜಾಗ ಬದಲಿಸಿಕೊಂಡರಾಯಿತು.

ಎರಡನೆಯದು ಖರ್ಚು. ಇಲ್ಲಿ ಸರಾಸರಿ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಖರ್ಚು ಮಾಡಬಲ್ಲವರು ಯಾರೋ ಅವರ ಮಿತಿಯೇ ಗುಂಪಿನ ಮಿತಿ ಆಗಬೇಕು. ಅದನ್ನು ಎಲ್ಲರೆದುರು ಕೇಳಬೇಡಿ. ಹೊರಡುವ ಮೊದಲು ಒಬ್ಬರು ಎಲ್ಲರಿಗೂ ಬೇರೆ ಬೇರೆಯಾಗಿ ಒಂದು ಮೆಸೇಜ್ ಹಾಕಲಿ: "ಎರಡು ದಿನದ ಊಟಕ್ಕೆ ಎಷ್ಟರವರೆಗೆ ಆಗಬಹುದು?" ಬಂದ ಉತ್ತರಗಳಲ್ಲಿ ಕಡಿಮೆ ಯಾವುದೋ ಅದನ್ನು ಮನಸ್ಸಲ್ಲಿಟ್ಟುಕೊಂಡು ಪ್ಲಾನ್ ಮಾಡಲಿ. ಯಾರ ಉತ್ತರ ಅಂತ ಹೇಳುವ ಅಗತ್ಯವೇ ಇಲ್ಲ.

ಮೂರನೆಯದು ತಿನ್ನದ ಪದಾರ್ಥ. ಸಸ್ಯಾಹಾರಿ, ಹಾಲು ಆಗದವರು, ಕಡಲೆಕಾಯಿ ಅಲರ್ಜಿ ಇರುವವರು, ಯಾವುದೋ ವ್ರತದಲ್ಲಿ ಇರುವವರು. ಇಷ್ಟವಿಲ್ಲ ಎನ್ನುವುದು ಬೇರೆ, ತಿಂದರೆ ಆಸ್ಪತ್ರೆ ಎನ್ನುವುದು ಬೇರೆ. ಎರಡನೆಯದಾದರೆ ಅದೊಂದೇ ವಿಷಯ ಜಾಗವನ್ನು ತೀರ್ಮಾನ ಮಾಡಬೇಕು. ಅಲರ್ಜಿ ಇರುವವರಿಗೆ "ಏನಿಲ್ಲ, ನಾನು ಸಲಾಡ್ ತಿಂತೀನಿ" ಎಂದು ಹೇಳುವ ಪರಿಸ್ಥಿತಿ ತರಬೇಡಿ.

ನಾಲ್ಕನೆಯದು ಹೊತ್ತು. ಶನಿವಾರ ರಾತ್ರಿ ಎಂಟರ ಸುಮಾರಿಗೆ ಎಲ್ಲ ದೊಡ್ಡ ಊರಲ್ಲೂ ಎಲ್ಲರಿಗೂ ಹಸಿವಾಗುತ್ತದೆ. ಅದೇ ಜಾಗದಲ್ಲಿ ಆರೂವರೆಗೆ ಹೋದರೆ ನಿಮಗೇ ಬೇಕಾದ ಮೂಲೆ ಸಿಗಬಹುದು. ಮಧ್ಯಾಹ್ನದ ಊಟ ಆದ ಮೇಲೆ ಸಂಜೆವರೆಗೆ ಅಡುಗೆಮನೆ ಮುಚ್ಚುವ ಹೋಟೆಲುಗಳೂ ಬೇಕಾದಷ್ಟಿವೆ. ಭಾನುವಾರವೇ ರಜೆ ಇಡುವ ಹೋಟೆಲುಗಳೂ ಉಂಟು. ಇವೆರಡನ್ನೂ ಮೊದಲೇ ನೋಡಿಕೊಳ್ಳಿ.

ದೂರದ ಬಗ್ಗೆ ಒಂದೇ ಮಾತು: ಊಟಕ್ಕಾಗಿ ಊರಿನ ಇನ್ನೊಂದು ತುದಿಗೆ ಹೋಗುವುದು ಎರಡು ದಿನದಲ್ಲಿ ಒಂದು ಸಲ ಸಾಕು.

ಬೀದಿ ಬದಿಯ ತಿಂಡಿ

ಸಾಲಾಗಿ ಗಾಡಿ ಇರುವ ಬೀದಿ, ರಾತ್ರಿ ಸಂತೆ, ಮಾರ್ಕೆಟ್ಟಿನ ಒಳಗಿನ ಅಂಗಡಿಗಳು. ಖರ್ಚಿನ ಮಟ್ಟಿಗೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಇನ್ನೂ ದೊಡ್ಡ ಅನುಕೂಲ ಎಂದರೆ ಒಬ್ಬರ ಆಯ್ಕೆಗೆ ಇನ್ನೊಬ್ಬರು ಕಟ್ಟುಬೀಳಬೇಕಾಗಿಲ್ಲ. ಒಬ್ಬರು ಈ ಗಾಡಿ, ಒಬ್ಬರು ಆ ಗಾಡಿ. ಒಂದು ಪ್ಲೇಟ್ ತಂದು ಆರು ಜನ ಒಂದೊಂದು ತುತ್ತು ತಿಂದು, ಚೆನ್ನಾಗಿದ್ದರೆ ಇನ್ನೊಂದು ತರುವುದು. ಚೆನ್ನಾಗಿಲ್ಲದಿದ್ದರೆ ಮುಂದಿನ ಗಾಡಿ. ಗೆಳೆಯರ ಗುಂಪಿಗೆ ಇದಕ್ಕಿಂತ ಖುಷಿ ಕೊಡುವ ರೀತಿ ನನಗೆ ಗೊತ್ತಿಲ್ಲ.

ಆದರೆ ಕೂರಲು ಜಾಗ ಇರುವುದಿಲ್ಲ. ಕೈ ತೊಳೆಯಲು ನೀರು ಹುಡುಕಬೇಕು. ಶೌಚಾಲಯ ದೂರ. ಮಳೆ ಬಂದರೆ ಕತೆ ಮುಗಿಯಿತು. ಮಂಡಿ ನೋವಿರುವವರು, ಪುಟ್ಟ ಮಗು ಎತ್ತಿಕೊಂಡವರು ಜೊತೆಗಿದ್ದರೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಇದು ನಡೆಯುವುದಿಲ್ಲ.

ಹೊಟ್ಟೆ ಕೆಡುತ್ತದೆ ಎಂಬ ಹೆದರಿಕೆ ಇದೆಯಲ್ಲ, ಅದಕ್ಕೆ ಕಣ್ಣಿನ ಕೆಲಸ ಇದೆ. ಗಾಡಿಯ ಎದುರು ಸುಮ್ನೆ ಎರಡು ನಿಮಿಷ ನಿಲ್ಲಿ. ಹೆಂಚಿನಿಂದ ಇಳಿದದ್ದು ನೇರ ಪ್ಲೇಟಿಗೆ ಹೋಗುತ್ತಿದೆಯಾ, ಇಲ್ಲ ರಾಶಿ ಮಾಡಿಟ್ಟದ್ದನ್ನು ತೆಗೆದು ಕೊಡುತ್ತಿದ್ದಾರಾ? ದುಡ್ಡು ತೆಗೆದುಕೊಳ್ಳುವ ಕೈ, ಬಡಿಸುವ ಕೈ ಒಂದೇನಾ? ಪ್ಲೇಟ್ ತೊಳೆಯುವ ಬಕೆಟ್ಟಿನ ನೀರು ಯಾವ ಬಣ್ಣ? ಚಟ್ನಿ, ಸಾಸ್, ಹೆಚ್ಚಿದ ಹಣ್ಣು ಮುಚ್ಚಿವೆಯಾ? ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳವಾಗಿದೆ: ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗಿರಬೇಕು, ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. 5ಕ್ಕೂ 60ಕ್ಕೂ ನಡುವಿನ ತಾಪದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಥರ್ಮಾಮೀಟರ್ ಹಿಡಿದು ಹೋಗಬೇಕಿಲ್ಲ. ಹಬೆ ಆಡುತ್ತಿದ್ದರೆ ತಿನ್ನಿ, ಬೆಚ್ಚಗಿದ್ದರೆ ಬಿಡಿ. ಜನ ಮುಗಿಬೀಳುವ ಗಾಡಿ ಒಳ್ಳೆಯದು ಎನ್ನುವುದಕ್ಕೂ ಇದೇ ಕಾರಣ. ಅಲ್ಲಿ ಯಾವ ಪದಾರ್ಥವೂ ಕೂತು ಆರುವಷ್ಟು ಹೊತ್ತು ಉಳಿಯುವುದಿಲ್ಲ.

ಗಂಭೀರ ಅಲರ್ಜಿ ಇರುವವರಿಗೆ ಮಾತ್ರ ಇದು ಬೇಡ. ಒಂದೇ ಎಣ್ಣೆ, ಒಂದೇ ಸೌಟು. ಮಾರುವವರು ಎಷ್ಟೇ ಒಳ್ಳೆಯವರಾದರೂ ಖಾತ್ರಿ ಕೊಡಲಾರರು.

ಹೆಸರಾಂತ ಹಳೇ ಹೋಟೆಲು

"ಅಲ್ಲಿಗೆ ಹೋಗಿ ಅದನ್ನ ತಿನ್ನದೇ ಬಂದ್ರಾ?" ಎಂದು ವಾಪಸ್ ಬಂದ ಮೇಲೆ ಕೇಳುತ್ತಾರಲ್ಲ, ಆ ಜಾಗ. ಬೆಲೆ ಸಾಮಾನ್ಯವಾಗಿ ಕೈಗೆಟುಕುವ ಮಟ್ಟದಲ್ಲೇ ಇರುತ್ತದೆ. ರುಚಿಯೂ ಬಹುಪಾಲು ಹೆಸರಿಗೆ ತಕ್ಕಂತೆ ಇರುತ್ತದೆ. ನೀವು ಕೊಡುವ ನಿಜವಾದ ಬೆಲೆ ಸಮಯ. ಬೆಳಗಿನ ಹತ್ತು ಗಂಟೆಗೆ ಬಾಗಿಲ ಹೊರಗೆ ಹೆಸರು ಬರೆಸಿ ಒಂದು ತಾಸು ನಿಂತರೆ ಆ ದಿನದ ಅರ್ಧ ಪ್ಲಾನ್ ಹಿಂದೆ ಬೀಳುತ್ತದೆ.

ಇಂಥ ಜಾಗಗಳಲ್ಲಿ ಕೂತು ಹರಟುವುದಕ್ಕೆ ಅವಕಾಶ ಕಡಿಮೆ. ನಿಮ್ಮ ಕುರ್ಚಿಯ ಹಿಂದೆ ಇನ್ನೊಬ್ಬರು ನಿಂತು ನಿಮ್ಮ ತಟ್ಟೆ ನೋಡುತ್ತಿರುತ್ತಾರೆ. ಆರು ಜನ ಒಟ್ಟಿಗೆ ಕೂರುತ್ತೇವೆ ಎಂದರೆ ಕಾಯುವುದು ಇನ್ನೂ ಜಾಸ್ತಿ. ಇಬ್ಬಿಬ್ಬರಾಗಿ ಸಿಕ್ಕ ಜಾಗದಲ್ಲಿ ಕೂರಲು ತಯಾರಿದ್ದರೆ ಅರ್ಧ ಹೊತ್ತಿಗೆ ಒಳಗೆ ಹೋಗಬಹುದು. ಹಾಗಾಗಿ ಇದು ಬೆಳಗಿನ ತಿಂಡಿಗೆ ಸರಿ, ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಇನ್ನೂ ಸರಿ. ಗೆಳೆಯರೆಲ್ಲ ಸೇರಿ ಮನಸ್ಸು ಬಿಚ್ಚಿ ಮಾತಾಡುವ ರಾತ್ರಿಗೆ ಇದು ಜಾಗವಲ್ಲ.

ಹೆಸರಿನ ಬಗ್ಗೆ ಇನ್ನೊಂದು ಮಾತು. ಈಗ ಹೆಸರು ಅಂದರೆ ಫೋನಿನ ನಕ್ಷತ್ರ ಅಲ್ವಾ. ಮೈಕೆಲ್ ಆಂಡರ್ಸನ್, ಜೆರೆಮಿ ಮಗ್ರೂಡರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋದ ರೆಸ್ಟೋರೆಂಟ್‌ಗಳನ್ನು ನೋಡಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗ್ರಾಹಕರು ಹೋಟೆಲುಗಳಿಗೆ ಅಂಕ ಕೊಡುವ ಯೆಲ್ಪ್ ಎಂಬ ತಾಣದಲ್ಲಿ ಸರಾಸರಿ ಅಂಕವನ್ನು ಹತ್ತಿರದ ಅರ್ಧ ನಕ್ಷತ್ರಕ್ಕೆ ರೌಂಡ್ ಮಾಡಿ ತೋರಿಸುತ್ತಿದ್ದರು. ಅಂದರೆ 3.74 ಇರುವ ಹೋಟೆಲು ಮೂರೂವರೆ ನಕ್ಷತ್ರ, 3.76 ಇರುವುದು ನಾಲ್ಕು ನಕ್ಷತ್ರ. ಗ್ರಾಹಕರ ಅನುಭವದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನಬಹುದು. ಆದರೂ ಅರ್ಧ ನಕ್ಷತ್ರ ಜಾಸ್ತಿ ತೋರಿಸಿದ ಕಡೆ ಟೇಬಲ್ ಪೂರ್ತಿ ಭರ್ತಿಯಾಗುವ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಇದರಿಂದ ನಮಗೆ ಸಿಗುವ ಉಪಾಯ ಏನೆಂದರೆ, ಪಟ್ಟಿಯ ಮೇಲ್ತುದಿಯಲ್ಲಿ ಜಾಗ ಇಲ್ಲದಿದ್ದರೆ ಒಂದು ಮೆಟ್ಟಿಲು ಕೆಳಗಿನದನ್ನು ನೋಡಿ. ಊಟ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿರಬಹುದು, ಕುರ್ಚಿಯೂ ಸಿಗಬಹುದು. ನಕ್ಷತ್ರ ಎಣಿಸುವ ಬದಲು ಇತ್ತೀಚಿನ ಹತ್ತು ಅಭಿಪ್ರಾಯ ಓದಿ. ಅದರಲ್ಲೂ "ಗುಂಪಾಗಿ ಹೋಗಿದ್ದೆವು" ಎಂದು ಬರೆದವರದ್ದನ್ನು ಓದಿ.

ಮಾಲಿನ ಫುಡ್ ಕೋರ್ಟ್

ಇದರ ಹೆಸರು ಹೇಳಿದರೆ ಮೂಗು ಮುರಿಯುವವರೇ ಜಾಸ್ತಿ. ಅಲ್ಲಿ ಆ ಊರಿನ ರುಚಿ ಸಿಗುವುದು ಕಷ್ಟ, ಒಪ್ಪುತ್ತೇನೆ. ಆದರೆ ಗುಂಪಿನಲ್ಲಿ ಒಬ್ಬರು ಸಸ್ಯಾಹಾರಿ, ಒಬ್ಬರಿಗೆ ಖಾರ ಆಗದು, ಒಬ್ಬರಿಗೆ ಅನ್ನವೇ ಬೇಕು ಎಂದಾದರೆ ಶನಿವಾರ ಮಧ್ಯಾಹ್ನಕ್ಕೆ ಇದಕ್ಕಿಂತ ನೆಮ್ಮದಿಯ ಜಾಗ ಬೇರೆ ಇಲ್ಲ. ಅವರವರ ಕೌಂಟರ್, ಅವರವರ ಬಿಲ್, ಎಲ್ಲರೂ ಒಂದೇ ಟೇಬಲ್. ಶೌಚಾಲಯ ಪಕ್ಕದಲ್ಲೇ. ಬ್ಯಾಗ್ ಇಟ್ಟುಕೊಂಡು ಅರ್ಧ ಗಂಟೆ ಕಾಲು ಚಾಚಬಹುದು. ಒಬ್ಬರು ಮೊದಲು ಟೇಬಲ್ ಹಿಡಿದು ಕೂರಲಿ, ಉಳಿದವರು ಆಮೇಲೆ ಸಾಲಿಗೆ ನಿಲ್ಲಲಿ. ಟ್ರೇ ಹಿಡಿದುಕೊಂಡು ಜಾಗ ಹುಡುಕುವಷ್ಟರಲ್ಲಿ ಊಟ ಆರಿಹೋಗುತ್ತದೆ.

ಬಫೆ

ಒಂದು ತಲೆಗೆ ಇಷ್ಟು ಎಂದು ಮೊದಲೇ ಗೊತ್ತಿರುತ್ತದೆ. ಬಿಲ್ಲಿನ ಜಗಳ ಇಲ್ಲ, ಯಾವುದು ತರಿಸೋಣ ಎಂಬ ಚರ್ಚೆ ಇಲ್ಲ. ಎರಡು ತಾಸು ಕೂರಬಹುದು. ಹುಟ್ಟುಹಬ್ಬಕ್ಕೋ ಬಹಳ ವರ್ಷದ ಮೇಲೆ ಸೇರಿದ ಗುಂಪಿಗೋ ಇದು ಹಿತ.

ತೊಂದರೆ ಏನೆಂದರೆ ಕಡಿಮೆ ತಿನ್ನುವವರೂ ಪೂರ್ತಿ ದುಡ್ಡು ಕೊಡಬೇಕು. ಕುಡಿಯುವ ಜ್ಯೂಸು, ಟ್ಯಾಕ್ಸು, ಸರ್ವಿಸ್ ಚಾರ್ಜ್ ಹೊರಗೆ ಬರೆದ ಬೆಲೆಯಲ್ಲಿ ಸೇರಿದೆಯಾ ಎಂದು ಫೋನ್ ಮಾಡಿ ಕೇಳುವವರೂ ಕಡಿಮೆ. ಇನ್ನೊಂದು, ನಾವು ಬಫೆಯಲ್ಲಿ ಜಾಸ್ತಿ ತಿನ್ನುವುದು ದುಡ್ಡಿನ ಆಸೆಗೆ ಮಾತ್ರ ಅಲ್ಲ. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 1981ರಲ್ಲಿ ತೋರಿಸಿದ ಹಾಗೆ, ಒಂದೇ ರುಚಿ ತಿನ್ನುತ್ತಾ ಹೋದರೆ ಅದರ ಮೇಲಿನ ಆಸೆ ಇಳಿಯುತ್ತದೆ. ಬೇರೆ ರುಚಿ ಎದುರಿಗೆ ಬಂದರೆ ಮತ್ತೆ ತಿನ್ನಬೇಕೆನಿಸುತ್ತದೆ. ಎಂಬತ್ತು ಬಗೆ ಇಟ್ಟ ಕಡೆ ಹೊಟ್ಟೆ ತುಂಬಿದ ಮೇಲೂ ಕೈ ನಿಲ್ಲುವುದಿಲ್ಲ. ಆಮೇಲೆ ನಡೆದು ನೋಡಬೇಕಾದ ಜಾಗ ಇದ್ದರೆ ಯಾರಿಗೂ ನಡೆಯಲಾಗದು. ಆದ್ದರಿಂದ ಬಫೆ ಹೋಗುವುದಾದರೆ ಅದರ ಮುಂದಿನ ಮೂರು ತಾಸು ಖಾಲಿ ಬಿಡಿ. ಮೊದಲ ಸುತ್ತು ತಟ್ಟೆ ಇಲ್ಲದೆ ಹೋಗಿ, ಎಲ್ಲ ನೋಡಿ ಬನ್ನಿ. ಆಗಾಗ ಬಿಸಿಯಾಗಿ ತಂದು ತುಂಬುವ ಪಾತ್ರೆ ಯಾವುದು, ಬೆಳಗಿನಿಂದ ಹಾಗೇ ಇರುವ ಪಾತ್ರೆ ಯಾವುದು ಎಂದು ಆಗಲೇ ಗೊತ್ತಾಗುತ್ತದೆ.

ಬಫೆ ರಾತ್ರಿಗಿಂತ ಮಧ್ಯಾಹ್ನಕ್ಕೆ ಅಗ್ಗ ಇರುವುದು ಸಾಮಾನ್ಯ. ಆದರೆ ವಾರಾಂತ್ಯದ ದರ ಬೇರೆ ಇಟ್ಟಿರುತ್ತಾರೆ, ವಾರದ ದಿನದ ದರ ನೋಡಿ ಹೋಗಬೇಡಿ.

ಟೇಬಲ್ ಬುಕ್ ಮಾಡಿ ಹೋಗುವ ರೆಸ್ಟೋರೆಂಟ್

ನನ್ನ ಲೆಕ್ಕದಲ್ಲಿ ಆ ಒಂದು ದೊಡ್ಡ ಊಟ ಇಲ್ಲಿಯದ್ದೇ ಆಗಬೇಕು. ಕಾರಣ ರುಚಿಯಲ್ಲ, ಕುರ್ಚಿ. ಇಲ್ಲಿ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ. ಗೆಳೆಯರು ಅಷ್ಟು ದೂರ ಒಟ್ಟಿಗೆ ಹೋಗಿರುವುದು ಮಾತಾಡುವುದಕ್ಕೆ. ಎರಡು ದಿನದಲ್ಲಿ ಎರಡು ತಾಸಾದರೂ ಎಲ್ಲರೂ ಎದುರುಬದುರು ಕೂರಬೇಕು.

ಹಾಗಾಗಿ ಇಲ್ಲಿ ಮೊದಲು ವಿಚಾರಿಸಬೇಕಾದ್ದು ಗದ್ದಲ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿ ಬರೆದ ಸಂಗತಿ ಇದು: ಸುತ್ತ ಸದ್ದು ಇದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಎತ್ತರಿಸುತ್ತಾನೆ. ಹೋಟೆಲಿನಲ್ಲಿ ನೀವು ದನಿ ಏರಿಸಿದರೆ ಪಕ್ಕದ ಟೇಬಲಿನವರೂ ಏರಿಸುತ್ತಾರೆ, ಅವರ ಪಕ್ಕದವರೂ ಅಷ್ಟೇ. ಗಾಜಿನ ಗೋಡೆ, ಬರಿ ಕಾಂಕ್ರೀಟ್ ಛಾವಣಿ, ಕಲ್ಲಿನ ನೆಲ ಇರುವ ಕಡೆ ಸದ್ದು ಎಲ್ಲೂ ಇಂಗುವುದಿಲ್ಲ. ಫೋಟೋದಲ್ಲಿ ಎಷ್ಟು ಚೆಂದ ಕಂಡರೂ ಅಲ್ಲಿ ಒಂದು ತಾಸಿನಲ್ಲಿ ಗಂಟಲು ಕಟ್ಟುತ್ತದೆ. ಪರದೆ, ಮೆತ್ತನೆ ಕುರ್ಚಿ, ಮರ, ಟೇಬಲ್ ಬಟ್ಟೆ ಇರುವ ಜಾಗ ಹುಡುಕಿ. ಬುಕ್ ಮಾಡುವಾಗ "ಸ್ಪೀಕರಿಗೆ ದೂರ, ಗೋಡೆ ಪಕ್ಕ" ಎಂದು ಕೇಳಿ. ಲೈವ್ ಮ್ಯೂಸಿಕ್ ಇದೆಯಾ, ಎಷ್ಟು ಗಂಟೆಗೆ ಶುರು ಎಂದೂ ಕೇಳಿ. ಹಾಡು ಇಷ್ಟವಾದರೆ ಸಂತೋಷ, ಆದರೆ ಆ ರಾತ್ರಿ ಮಾತು ಆಗುವುದಿಲ್ಲ.

ದುಡ್ಡಿನ ಮಟ್ಟಿಗೆ ಇದು ಎಲ್ಲಕ್ಕಿಂತ ದುಬಾರಿ. ಮೆನು ಇಂಟರ್‌ನೆಟ್ಟಿನಲ್ಲಿ ಸಿಕ್ಕರೆ ಮೊದಲೇ ಗುಂಪಿಗೆ ಕಳಿಸಿ. ಬೆಲೆ ನೋಡಿ ಗಾಬರಿಯಾಗುವುದಿದ್ದರೆ ಮನೆಯಲ್ಲೇ ಆಗಲಿ. ರೆಸ್ಟೋರೆಂಟ್‌ಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಇರುವ ಊರಾದರೆ ನಕ್ಷತ್ರದ ಪಟ್ಟಿ ಬಿಟ್ಟು ಬಿಬ್ ಗೂರ್ಮಾಂಡ್ ಪಟ್ಟಿ ನೋಡಿ. ಮಿತವಾದ ಬೆಲೆಗೆ ಒಳ್ಳೆ ಊಟ ಕೊಡುವ ಜಾಗಗಳಿಗೆ ಎಂದೇ 1997ರಿಂದ ಅದನ್ನು ಕೊಡುತ್ತಿದ್ದಾರೆ. ಗೆಳೆಯರ ಗುಂಪಿಗೆ ಬೇಕಾದ್ದು ಅದೇ. ಒಂದಾದ ಮೇಲೊಂದು ಹತ್ತು ಹನ್ನೆರಡು ಪುಟ್ಟ ತಟ್ಟೆ ಬರುವ ಟೇಸ್ಟಿಂಗ್ ಮೆನು ಇಬ್ಬರೋ ಮೂವರೋ ಊಟದ ಹುಚ್ಚಿರುವವರಿಗೆ ಸರಿ. ಆರು ಜನರಲ್ಲಿ ಇಬ್ಬರಿಗಾದರೂ ಅದು ಬೇಸರ ತರಿಸುತ್ತದೆ, ಎಲ್ಲರಿಗೂ ದುಬಾರಿಯಾಗುತ್ತದೆ.

ಬುಕ್ ಮಾಡುವಾಗ ಕೇಳಬೇಕಾದ್ದು ಇನ್ನೂ ಮೂರು ಇದೆ. ದೊಡ್ಡ ಗುಂಪಿಗೆ ಮುಂಗಡ ಬೇಕಾ, ಕ್ಯಾನ್ಸಲ್ ಮಾಡಿದರೆ ಎಷ್ಟು ಹೋಗುತ್ತದೆ? ಎಷ್ಟು ಹೊತ್ತಿಗೆ ಟೇಬಲ್ ಬಿಡಬೇಕು? ಒಬ್ಬಿಬ್ಬರು ತಡವಾಗಿ ಬಂದರೂ ಕೂರಿಸುತ್ತಾರಾ? ಕೆಲವು ಕಡೆ ಎಲ್ಲರೂ ಬರುವವರೆಗೆ ಒಳಗೇ ಬಿಡುವುದಿಲ್ಲ.

ರೂಮಿಗೆ ತರಿಸಿ ತಿನ್ನುವುದು

ಇಡೀ ದಿನ ಸುತ್ತಿ ಬಂದು ಚಪ್ಪಲಿ ಬಿಚ್ಚಿದ ಮೇಲೆ ಮತ್ತೆ ಹೊರಡುವುದು ಬೇಡ ಅನಿಸಿದರೆ ಪಾರ್ಸಲ್ ತಪ್ಪೇನಲ್ಲ. ಹಾಸಿಗೆ ಮೇಲೆ ಪೇಪರ್ ಹಾಸಿಕೊಂಡು ತಿನ್ನುವ ಖುಷಿ ಬೇರೆಯೇ. ಅಲರ್ಜಿ, ಪಥ್ಯ ಇರುವವರಿಗೂ ಅನುಕೂಲ.

ಆದರೆ ಇದು ಅಗ್ಗ ಎಂದುಕೊಳ್ಳಬೇಡಿ. ಆ್ಯಪಿನಲ್ಲಿ ಪದಾರ್ಥದ ಬೆಲೆಯೇ ಹೋಟೆಲಿಗಿಂತ ಜಾಸ್ತಿ ಇರುವುದುಂಟು. ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ. ಕೊನೇ ಪುಟಕ್ಕೆ ಹೋಗಿ ಒಟ್ಟು ಮೊತ್ತ ನೋಡಿಯೇ ತೀರ್ಮಾನಿಸಿ. ಹತ್ತಿರದ ಹೋಟೆಲಾದರೆ ಇಬ್ಬರು ನಡೆದು ಹೋಗಿ ಕಟ್ಟಿಸಿಕೊಂಡು ಬರಬಹುದು. ಕರಿದದ್ದು ದಾರಿಯಲ್ಲಿ ಮೆತ್ತಗಾಗುತ್ತದೆ. ಗೊಜ್ಜು, ಅನ್ನ, ಸೂಪಿನಂಥವು ತಡೆದುಕೊಳ್ಳುತ್ತವೆ. ರೂಮಿನಲ್ಲಿ ಹೊರಗಿನ ಊಟಕ್ಕೆ ಬಿಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ಬಿಲ್ ಬಂದಾಗ

ಜಾಗದ ಆಯ್ಕೆಗೂ ಬಿಲ್ಲಿಗೂ ನೇರ ಸಂಬಂಧ ಇದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಫೋಲ್ಡರ್ ಟೇಬಲಿಗೆ ಬರುತ್ತದೆ. ಒಬ್ಬರು ತೆರೆದು ನೋಡಿ "ಆರರಿಂದ ಭಾಗಿಸಿದ್ರಾಯ್ತು" ಅನ್ನುತ್ತಾರೆ. ಬರೀ ಸೂಪು, ಬ್ರೆಡ್ಡು ತಿಂದವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಕ್ಕು, ಫೋನ್ ತೆಗೆಯುತ್ತಾರೆ. ಆ ಒಂದು ಕ್ಷಣ ಉಳಿದ ಐವರಿಗೆ ಕಾಣುವುದಿಲ್ಲ.

ಅರ್ಥಶಾಸ್ತ್ರಜ್ಞ ಯೂರಿ ನೀಜಿ ಮತ್ತು ಜೊತೆಗಾರರು ಇಸ್ರೇಲಿನ ಒಂದು ರೆಸ್ಟೋರೆಂಟಿನಲ್ಲಿ ಇದನ್ನು ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಆರಾರು ಜನರ ಗುಂಪು. ಕೆಲವು ಗುಂಪಿಗೆ ಅವರವರದ್ದು ಅವರು ಕೊಡಬೇಕು ಎಂದರು, ಕೆಲವಕ್ಕೆ ಸಮವಾಗಿ ಹಂಚಿಕೊಳ್ಳಬೇಕು ಎಂದರು. ಅವರವರದ್ದು ಕೊಟ್ಟವರು ಮಾಡಿದ್ದಕ್ಕಿಂತ ಸಮವಾಗಿ ಹಂಚಿಕೊಂಡವರ ಖರ್ಚು ತಲೆಗೆ ಮೂರನೇ ಒಂದು ಭಾಗಕ್ಕೂ ಮೀರಿ ಜಾಸ್ತಿ ಆಯಿತು. ಹೇಗೂ ಎಲ್ಲರದ್ದೂ ಸೇರಿ ಭಾಗ ಆಗುತ್ತದಲ್ಲ ಎಂದು ಪ್ರತಿಯೊಬ್ಬರೂ ಸ್ವಲ್ಪ ದುಬಾರಿಯದ್ದನ್ನೇ ತರಿಸಿದರು. ಮೊದಲೇ ಕೇಳಿದಾಗ ಹೆಚ್ಚಿನವರು ಅವರವರ ದುಡ್ಡು ಅವರವರೇ ಕೊಡುವುದೇ ಮೇಲು ಎಂದಿದ್ದರು. ಗೆಳೆಯರ ನಡುವೆ ಇಷ್ಟು ಆಗುವುದಿಲ್ಲ ಅಂತ ಇಟ್ಟುಕೊಂಡರೂ ಎಳೆತ ಅದೇ ಕಡೆಗೆ.

ನನಗೆ ಸರಿ ಕಾಣುವ ದಾರಿ ಇದು. ಮಧ್ಯದಲ್ಲಿಟ್ಟು ಎಲ್ಲರೂ ಹಂಚಿ ತಿಂದದ್ದು ಸಮಭಾಗ. ಮದ್ಯ, ಸಿಹಿ, ಒಬ್ಬರಿಗಾಗಿಯೇ ತರಿಸಿದ ದುಬಾರಿ ಪದಾರ್ಥ ತರಿಸಿದವರದ್ದು. ಇದನ್ನು ಕೂರುವ ಮೊದಲೇ ಹೇಳಿಬಿಡಿ, ಬಿಲ್ ಬಂದ ಮೇಲೆ ಬೇಡ. ಕುಡಿಯದವರು ಕುಡಿದವರ ಬಿಲ್ಲಿಗೆ ಪಾಲು ಕೊಡುವುದು ಎಷ್ಟೇ ಹಳೇ ಗೆಳೆತನದಲ್ಲೂ ನ್ಯಾಯವಲ್ಲ. ಅಷ್ಟೂ ಲೆಕ್ಕ ಬೇಡ ಎನ್ನುವವರು ಫುಡ್ ಕೋರ್ಟ್, ಬೀದಿ ತಿಂಡಿ, ಬಫೆ ಆರಿಸಿಕೊಳ್ಳಲಿ. ಆ ಮೂರು ಕಡೆ ಈ ಸಮಸ್ಯೆ ಹುಟ್ಟುವುದೇ ಇಲ್ಲ. ಇನ್ನು ಟಿಪ್ಸ್ ಇಡುವ ಮೊದಲು ಬಿಲ್ಲಿನ ಕೆಳಗಿನ ಸಾಲು ಓದಿ. ಸರ್ವಿಸ್ ಚಾರ್ಜ್ ಈಗಾಗಲೇ ಸೇರಿದ್ದರೆ ಎರಡು ಸಲ ಕೊಟ್ಟ ಹಾಗಾಗುತ್ತದೆ.

ಯಾರಿಗೆ ಯಾವ ಜೋಡಣೆ

ಕೈಯಲ್ಲಿ ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗಳ ಗುಂಪಾದರೆ ಶನಿವಾರ ರಾತ್ರಿ ಬೀದಿ ತಿಂಡಿಯನ್ನೇ ದೊಡ್ಡ ಊಟ ಮಾಡಿ. ರೆಸ್ಟೋರೆಂಟ್ ಬೇಡವೇ ಬೇಡ. ಭಾನುವಾರ ಬೆಳಿಗ್ಗೆ ಹೆಸರಾಂತ ಹೋಟೆಲಿನ ತಿಂಡಿ, ಉಳಿದದ್ದು ರೂಮಿನ ಹತ್ತಿರದ ಸಾದಾ ಹೋಟೆಲು. ಕೂತು ಮಾತಾಡಲು ಪಾರ್ಕು ಇದೆ, ರೂಮಿನ ಟೆರೇಸು ಇದೆ.

ಸಂಬಳ ಬರುವ, ಆದರೆ ಎಲ್ಲರ ಸಂಬಳ ಒಂದೇ ಅಲ್ಲದ ಗುಂಪು ಎಲ್ಲಕ್ಕಿಂತ ಸೂಕ್ಷ್ಮ. ಇಲ್ಲಿ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಇಡಿ. ಎಷ್ಟೋ ರೆಸ್ಟೋರೆಂಟ್‌ಗಳಲ್ಲಿ ಅದೇ ಅಡುಗೆಮನೆಯ ಊಟ ಮಧ್ಯಾಹ್ನದ ಸೆಟ್ ಮೆನುವಿನಲ್ಲಿ ರಾತ್ರಿಗಿಂತ ಕಡಿಮೆಗೆ ಸಿಗುತ್ತದೆ. ಬೆಲೆ ಮೊದಲೇ ಗೊತ್ತಿರುವುದರಿಂದ ಯಾರಿಗೂ ಮುಜುಗರ ಇಲ್ಲ. ರಾತ್ರಿ ಬೀದಿಯಲ್ಲಿ ಅಡ್ಡಾಡುತ್ತಾ ಹಗುರವಾಗಿ ತಿಂದರಾಯಿತು.

ಮಕ್ಕಳು, ವಯಸ್ಸಾದವರು, ಪಥ್ಯದವರು ಸೇರಿರುವ ಗುಂಪಿಗೆ ಎರಡೂ ಮಧ್ಯಾಹ್ನ ಫುಡ್ ಕೋರ್ಟ್ ಅಥವಾ ರೂಮಿನ ಹತ್ತಿರದ ಸಾದಾ ಹೋಟೆಲು, ಶನಿವಾರ ಸಂಜೆ ಬೇಗ, ಆರೂವರೆ ಹೊತ್ತಿಗೆ, ಬುಕ್ ಮಾಡಿದ ಟೇಬಲ್. ಸಾಲಿನಲ್ಲಿ ನಿಲ್ಲಿಸುವ ಜಾಗಕ್ಕೆ ಹೋಗಲೇಬೇಕೆಂದಿದ್ದರೆ ಬೆಳಿಗ್ಗೆ ಆಸೆ ಇರುವ ಇಬ್ಬರು ಹೋಗಿ ಎಲ್ಲರಿಗೂ ಕಟ್ಟಿಸಿಕೊಂಡು ಬರಲಿ.

ತಿನ್ನುವುದಕ್ಕೆಂದೇ ಹೊರಟ ಮೂರು ನಾಲ್ಕು ಜನರಾದರೆ ನಿಮಗೆ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಒಂದೊಂದು ಕಡೆ ಒಂದೇ ಪದಾರ್ಥ ತರಿಸಿ, ಹಂಚಿ ತಿಂದು, ಮುಂದಿನ ಜಾಗಕ್ಕೆ ನಡೆದು ಹೋಗಿ. ಹೊಟ್ಟೆ ತುಂಬಿತು ಎಂದು ತಲೆಗೆ ತಿಳಿಯಲು ಇಪ್ಪತ್ತು ನಿಮಿಷ ಬೇಕು ಅನ್ನುತ್ತಾರೆ. ಆ ನಡಿಗೆ ಅದಕ್ಕೂ ಅವಕಾಶ ಕೊಡುತ್ತದೆ.

ಭಾನುವಾರದ ಕೊನೇ ಊಟದ ಬಗ್ಗೆ ಮಾತ್ರ ಎಲ್ಲ ಗುಂಪಿಗೂ ಒಂದೇ ಸಲಹೆ. ರೈಲೋ ಬಸ್ಸೋ ಹೊರಡುವ ಜಾಗದಿಂದ ಹದಿನೈದು ನಿಮಿಷದ ಒಳಗಿರುವ ಹೋಟೆಲನ್ನೇ ಹಿಡಿಯಿರಿ, ಹೊರಡುವ ಎರಡು ತಾಸು ಮೊದಲು ಕೂರಿ, ಹಗುರವಾದದ್ದನ್ನೇ ತಿನ್ನಿ. ಲಗೇಜ್ ಇಡಲು ಜಾಗ ಇದೆಯಾ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.